ಅಮ್ಮನ ಶುಂಠಿ ಕಷಾಯ ಮತ್ತು 5.6 ಎಂಬ ಅಂಕಿ: ಒಂದು ಪ್ರಕರಣ

ಬೆಳಗಿನ ಜಾವ ಎದ್ದು ನೋಡಿದರೆ ಅಮ್ಮ ಮಂಚದ ಅಂಚಿನಲ್ಲಿ ಕೂತು ಮೂಗಿಗೆ ಟವೆಲ್ ಒತ್ತಿ ಹಿಡಿದಿದ್ದಳು. ಟವೆಲ್ ಅರ್ಧ ಕೆಂಪಾಗಿತ್ತು. "ಏನಿಲ್ಲ, ಉಷ್ಣ ಆಗಿದೆ ಅಷ್ಟೆ" ಅಂದಳು. ತಲೆಯನ್ನು ಹಿಂದಕ್ಕೆ ವಾಲಿಸಿದ್ದರಿಂದ ರಕ್ತ ಗಂಟಲಿಗೆ ಇಳಿದು ಕೆಮ್ಮು ಬರುತ್ತಿತ್ತು. ನಾನು ಅವಳ ತಲೆ ಮುಂದಕ್ಕೆ ಬಗ್ಗಿಸಿ, ಮೂಗಿನ ಮೆತ್ತಗಿನ ಭಾಗವನ್ನು ಎರಡು ಬೆರಳಲ್ಲಿ ಒತ್ತಿ ಹಿಡಿದೆ. ನಿಂತಿತಾ ಎಂದು ನಡುನಡುವೆ ಬಿಟ್ಟು ನೋಡಬಾರದು. ಹತ್ತು ಹದಿನೈದು ನಿಮಿಷ ಒಂದೇ ಸಮ ಹಿಡಿದಿರಬೇಕು. ಕೊನೆಗೂ ನಿಂತಿತು.

ಬೇರೆ ಯಾರಿಗಾದರೂ ಆಗಿದ್ದರೆ ಇದು ಮಧ್ಯಾಹ್ನಕ್ಕೆ ಮರೆತುಹೋಗುವ ವಿಷಯ. ಅಮ್ಮನ ಮಟ್ಟಿಗೆ ಹಾಗಲ್ಲ. ಅವಳಿಗೆ 67 ವರ್ಷ. ಎದೆಬಡಿತ ತಾಳ ತಪ್ಪುವ ತೊಂದರೆ ಇದೆ, ಏಟ್ರಿಯಲ್ ಫಿಬ್ರಿಲೇಶನ್ ಅಂತಾರಲ್ಲ, ಅದು. ಹೃದಯದೊಳಗೆ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಮೆದುಳಿಗೆ ಹೋಗಿ ಪಾರ್ಶ್ವವಾಯು ಆಗದಿರಲಿ ಎಂದು ನಾಲ್ಕು ವರ್ಷದಿಂದ ವಾರ್ಫರಿನ್ ಮಾತ್ರೆ ನುಂಗುತ್ತಿದ್ದಾಳೆ. ಜನ ಇದನ್ನು "ರಕ್ತ ತೆಳು ಮಾಡುವ ಮಾತ್ರೆ" ಎನ್ನುತ್ತಾರೆ. ನಿಜವಾಗಿ ರಕ್ತವೇನೂ ತೆಳುವಾಗುವುದಿಲ್ಲ. ಹೆಪ್ಪುಗಟ್ಟುವುದು ನಿಧಾನವಾಗುತ್ತದೆ. ಎಷ್ಟು ನಿಧಾನ ಎಂದು ಅಳೆಯುವುದು ಐಎನ್‌ಆರ್ ಪರೀಕ್ಷೆ. ಮಾತ್ರೆ ತೆಗೆದುಕೊಳ್ಳದವರಲ್ಲಿ ಅದು ಸುಮಾರು 1 ಇರುತ್ತದೆ. ಅಮ್ಮನಂಥವರಲ್ಲಿ 2ರಿಂದ 3ರ ಒಳಗಿರಬೇಕು. ಹಿಂದಿನ ತಿಂಗಳು 2.4 ಇತ್ತು.

ಆ ದಿನ 5.6 ಬಂತು.

"ಹೊಸದಾಗಿ ಏನಾದರೂ ತಗೊಂಡ್ರಾ ಅಮ್ಮಾ?" ಎಂದು ಡಾಕ್ಟರ್ ಕೇಳಿದರು. "ಇಲ್ಲ ಡಾಕ್ಟ್ರೇ, ಏನೂ ಇಲ್ಲ" ಅಂದಳು ಅಮ್ಮ. ನಾನೂ ಪಕ್ಕದಲ್ಲಿ ನಿಂತು ತಲೆಯಾಡಿಸಿದೆ. ಇಬ್ಬರೂ ಸುಳ್ಳು ಹೇಳಲಿಲ್ಲ. ನಮಗೆ ಹಾಗೇ ಅನ್ನಿಸಿತ್ತು, ಅಷ್ಟೆ. ಅವತ್ತಿನ ಮತ್ತು ಮರುದಿನದ ವಾರ್ಫರಿನ್ ನಿಲ್ಲಿಸಿ, ಮೂರನೇ ದಿನ ಮತ್ತೆ ರಕ್ತ ಪರೀಕ್ಷೆ ಮಾಡಿಸಿ ಎಂದರು ಡಾಕ್ಟರ್. (ಅಂಕಿ, ರಕ್ತಸ್ರಾವ, ವಯಸ್ಸು ಎಲ್ಲ ನೋಡಿ ವೈದ್ಯರು ಮಾಡುವ ತೀರ್ಮಾನ ಅದು. ಮನೆಯಲ್ಲಿ ನಾವೇ ಮಾತ್ರೆ ನಿಲ್ಲಿಸುವುದು ಬೇಡ.)

ಮನೆಗೆ ಬಂದು ಅಮ್ಮನಿಗೆ ಕುಡಿಯಲು ಏನಾದರೂ ಬಿಸಿ ಮಾಡಿಕೊಡೋಣ ಎಂದು ಅಡುಗೆಮನೆಗೆ ಹೋದೆ. ಒಣಶುಂಠಿ ಪುಡಿಯ ಡಬ್ಬಿ ಕೈಗೆ ಸಿಕ್ಕಿತು. ಎರಡು ವಾರದ ಹಿಂದೆ ತುಂಬಿಟ್ಟಿದ್ದ ಡಬ್ಬಿಯ ತಳ ಕಾಣುತ್ತಿತ್ತು. ನನಗೆ ನಾನೇ "ಶುಂಠಿ" ಎಂದು ಬೈದುಕೊಂಡೆ. ಆಸ್ಪತ್ರೆಗೆ ಫೋನ್ ಮಾಡಿದೆ.

ಆ ಒಂಬತ್ತು ದಿನಗಳಲ್ಲಿ ಏನೇನಾಯಿತು

ಅಮ್ಮನನ್ನು ಕೂರಿಸಿಕೊಂಡು ಕ್ಯಾಲೆಂಡರ್ ಮೇಲೆ ಒಂದೊಂದೇ ದಿನ ಬರೆದೆ. ಈಗ ಅನ್ನಿಸುತ್ತದೆ, ಇಡೀ ಪ್ರಕರಣದಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ ಇದೊಂದೇ.

ಮೊದಲ ದಿನ ನೆಗಡಿ, ಸಣ್ಣ ಜ್ವರ. ಹಸಿಶುಂಠಿ ಜಜ್ಜಿ ನೀರಲ್ಲಿ ಕುದಿಸಿ ಸೋಸಿ ಕುಡಿದಳು. ಎರಡನೇ ದಿನ ಅದೇ, ಮೂರು ಲೋಟ. ಜೊತೆಗೆ ಜ್ವರಕ್ಕೆಂದು 650 ಮಿಲಿಗ್ರಾಂ ಪ್ಯಾರಾಸಿಟಮಾಲ್, ದಿನಕ್ಕೆ ಮೂರು. ಮೂರನೇ ದಿನ ಹಸಿಶುಂಠಿ ಮುಗಿಯಿತು. ಒಣಶುಂಠಿ ಪುಡಿ ಹೊರಗೆ ಬಂತು. ಒಂದು ಲೋಟ ಬಿಸಿನೀರಿಗೆ ಒಂದು ಚಮಚ, ಅದೂ ಗೋಪುರದ ಹಾಗೆ ತುಂಬಿದ ಚಮಚ. ದಿನಕ್ಕೆ ನಾಲ್ಕು ಲೋಟ. ಪುಡಿ ಅಲ್ವಾ, ಸೋಸುವ ಮಾತೇ ಇಲ್ಲ. ತಳದಲ್ಲಿ ಉಳಿದದ್ದಕ್ಕೂ ನೀರು ಹಾಕಿ ಕುಲುಕಿ ಕುಡಿಯುತ್ತಿದ್ದಳು. ಚೆಲ್ಲುವುದು ಅವಳ ಜಾಯಮಾನದಲ್ಲೇ ಇಲ್ಲ.

ಐದನೇ ದಿನ ಎದೆಯುರಿ ಶುರುವಾಯಿತು. ಅದಕ್ಕೆ "ಗ್ಯಾಸ್" ಎಂದು ಹೆಸರಿಟ್ಟಳು. ಗ್ಯಾಸಿಗೆ ಶುಂಠಿ ಒಳ್ಳೆಯದು ಎಂದು ಮಲಗುವ ಮುಂಚೆ ಐದನೇ ಲೋಟ ಸೇರಿತು. ಊಟ ಅರ್ಧಕ್ಕಿಳಿಯಿತು. ದಿನಾ ತಿನ್ನುತ್ತಿದ್ದ ಸೊಪ್ಪು ಪೂರ್ತಿ ನಿಂತಿತು. ಏಳನೇ ದಿನ ಹಲ್ಲುಜ್ಜುವಾಗ ಒಸಡಲ್ಲಿ ರಕ್ತ ಕಂಡಿತ್ತಂತೆ. ಮುಂಗೈ ಮೇಲೆ ಒಂದು ನೀಲಿ ಕಲೆ, ಎಲ್ಲಿ ತಾಗಿತೋ ನೆನಪಿಲ್ಲ. ಎರಡನ್ನೂ ಯಾರಿಗೂ ಹೇಳಲಿಲ್ಲ. ಒಂಬತ್ತನೇ ದಿನ ಬೆಳಗಿನ ಜಾವ ಮೂಗು.

ತೊಂದರೆ ಕಾಣಿಸಿಕೊಳ್ಳಲು ಇಷ್ಟು ದಿನ ಹಿಡಿದದ್ದಕ್ಕೂ ಕಾರಣ ಇದೆ. ಹೆಪ್ಪುಗಟ್ಟಿಸುವ ಕೆಲವು ಪ್ರೋಟೀನುಗಳು ನಮ್ಮ ಯಕೃತ್ತಿನಲ್ಲಿ ತಯಾರಾಗುತ್ತವೆ. ಅವಕ್ಕೆ ವಿಟಮಿನ್ ಕೆ ಬೇಕು. ವಾರ್ಫರಿನ್ ಆ ವಿಟಮಿನ್ ಮತ್ತೆ ಮತ್ತೆ ಬಳಕೆಗೆ ಬರದಂತೆ ತಡೆಯುತ್ತದೆ. ಆದರೆ ಮೊದಲೇ ತಯಾರಾಗಿ ರಕ್ತದಲ್ಲಿರುವ ಪ್ರೋಟೀನು ಒಂದೇ ದಿನಕ್ಕೆ ಖಾಲಿಯಾಗುವುದಿಲ್ಲ, ಕೆಲವಕ್ಕೆ ದಿನಗಟ್ಟಲೆ ಬೇಕು. ಹಾಗಾಗಿ ಏನಾದರೂ ಏರುಪೇರಾದರೆ ಅದರ ಫಲ ಕಾಣುವುದು ನಾಲ್ಕೈದು ದಿನ ಬಿಟ್ಟು. ಅಷ್ಟು ಹೊತ್ತಿಗೆ ಏನು ಬದಲಾಯಿತು ಎಂಬುದೇ ನೆನಪಿನಲ್ಲಿ ಉಳಿದಿರುವುದಿಲ್ಲ.

ಚಮಚದ ಲೆಕ್ಕ

ಮೊದಲು ನಾನು ತಲೆಕೆಡಿಸಿಕೊಂಡದ್ದು ಒಂದೇ ವಿಷಯಕ್ಕೆ. ಅಮ್ಮ ಶುಂಠಿ ಟೀ ಕುಡಿಯುವುದು ಹೊಸದೇನಲ್ಲ. ದಿನಾ ಬೆಳಿಗ್ಗೆ ಸಣ್ಣ ಚೂರು ಜಜ್ಜಿ ಹಾಕಿದ ಹಾಲಿನ ಟೀ ಅವಳಿಗೆ ಬೇಕೇ ಬೇಕು. ವಾರ್ಫರಿನ್ ಶುರುವಾದ ಮೇಲೂ ನಾಲ್ಕು ವರ್ಷ ಕುಡಿದಿದ್ದಾಳೆ, ಐಎನ್‌ಆರ್ ಅಲುಗಾಡಿರಲಿಲ್ಲ. ಹಾಗಿದ್ದರೆ ಈಗೇನಾಯಿತು?

ಅಡುಗೆಮನೆಯ ತಕ್ಕಡಿ ತೆಗೆದೆ. ಬೆಳಗಿನ ಟೀಗೆ ಹಾಕುವ ಚೂರು 2.5 ಗ್ರಾಂ ತೂಗಿತು. ಹಸಿಶುಂಠಿಯಲ್ಲಿ ನೂರಕ್ಕೆ ಸುಮಾರು 80 ಪಾಲು ನೀರು. ಅಂದರೆ ಒಣಶುಂಠಿ ಲೆಕ್ಕಕ್ಕೆ ಅದು ಅರ್ಧ ಗ್ರಾಂ. ಅದರಲ್ಲೂ ಸೋಸಿದಾಗ ಒಂದಷ್ಟು ಚರಟದ ಜೊತೆ ಹೋಗುತ್ತದೆ, ಯಾಕೆಂದರೆ ಶುಂಠಿಯ ಖಾರದ ಅಂಶ ನೀರಿನಲ್ಲಿ ಅಷ್ಟು ಸುಲಭವಾಗಿ ಕರಗುವುದಿಲ್ಲ. ಇನ್ನು ಆ ಗೋಪುರದ ಚಮಚ 3 ಗ್ರಾಂ ತೂಗಿತು. ನಾಲ್ಕು ಲೋಟಕ್ಕೆ 12 ಗ್ರಾಂ. ಐದನೆಯದು ಸೇರಿದ ಮೇಲೆ 15. ಎಲ್ಲವೂ ಹೊಟ್ಟೆಯೊಳಕ್ಕೆ, ಚರಟವೇ ಇಲ್ಲ.

ಅರ್ಧ ಗ್ರಾಂ ಎಲ್ಲಿ, 12 ಗ್ರಾಂ ಎಲ್ಲಿ. ಇಪ್ಪತ್ತನಾಲ್ಕು ಪಟ್ಟು. ವಾಕರಿಕೆಗೆ ಶುಂಠಿ ಕೊಟ್ಟು ನೋಡಿದ ಹೆಚ್ಚಿನ ಪ್ರಯೋಗಗಳಲ್ಲಿ ಬಳಸಿದ್ದು ದಿನಕ್ಕೆ 1 ಗ್ರಾಂ ಆಸುಪಾಸಿನ ಪುಡಿ. ದಿನಕ್ಕೆ 4 ಗ್ರಾಂ ದಾಟಬೇಡಿ ಎಂಬುದು ಸಾಮಾನ್ಯವಾಗಿ ಕೊಡುವ ಸಲಹೆ. ಅಮ್ಮ ಕುಡಿದದ್ದನ್ನು "ಶುಂಠಿ ಟೀ" ಎಂದು ಕರೆಯುವುದೇ ತಪ್ಪು. ಹೆಸರು ಒಂದೇ, ಪದಾರ್ಥ ಬೇರೆ.

ಇನ್ನೊಂದು ಸಣ್ಣ ವ್ಯತ್ಯಾಸ ಇದೆ. ಹಸಿಶುಂಠಿಯ ಖಾರ ಮುಖ್ಯವಾಗಿ ಜಿಂಜೆರಾಲ್‌ನಿಂದ ಬರುತ್ತದೆ. ಒಣಗಿಸಿದಾಗ ಅದರಲ್ಲಿ ಒಂದಷ್ಟು ಶೊಗಾಲ್ ಆಗಿ ಬದಲಾಗುತ್ತದೆ. ಜಪಾನಿ ಭಾಷೆಯಲ್ಲಿ ಶುಂಠಿಗೆ ಶೋಗಾ ಎನ್ನುತ್ತಾರೆ, ಹೆಸರು ಬಂದದ್ದು ಅಲ್ಲಿಂದ. ಶೊಗಾಲ್ ಖಾರ ಇನ್ನೂ ಜಾಸ್ತಿ. ಒಣಶುಂಠಿ ಗಂಟಲಿಗೆ ಕಿಡಿ ಹಾರಿಸುವುದು ಅದಕ್ಕೇ.

ಹಾಗಾದರೆ ಶುಂಠಿಯೇ ಅಪರಾಧಿಯಾ?

ಫೋನಿನಲ್ಲಿ ವಿಷಯ ತಿಳಿಸುವಾಗ ನನಗೆ ಅನುಮಾನವೇ ಇರಲಿಲ್ಲ. ಡಾಕ್ಟರ್ ಮಾತ್ರ ಅಷ್ಟು ಬೇಗ ಒಪ್ಪಲಿಲ್ಲ. "ಪ್ಯಾರಾಸಿಟಮಾಲ್ ಎಷ್ಟು ದಿನ?" ಎಂದು ಕೇಳಿದರು. ನನಗೆ ಆಶ್ಚರ್ಯವಾಯಿತು. ವಾರ್ಫರಿನ್ ಜೊತೆ ನೋವಿನ ಮಾತ್ರೆ ಬೇಡ, ಬೇಕಾದರೆ ಪ್ಯಾರಾಸಿಟಮಾಲ್ ತಗೊಳ್ಳಿ ಎಂದೇ ಎಲ್ಲರೂ ಹೇಳುವುದು. ಅದು ಸರಿಯೇ. ಐಬುಪ್ರೊಫೆನ್, ಆಸ್ಪಿರಿನ್‌ಗಳಿಗಿಂತ ಅದು ಎಷ್ಟೋ ವಾಸಿ. ಆದರೆ ದಿನಕ್ಕೆ 2ರಿಂದ 4 ಗ್ರಾಂ ಪ್ಯಾರಾಸಿಟಮಾಲನ್ನು ಹಲವು ದಿನ ತೆಗೆದುಕೊಂಡರೆ ಐಎನ್‌ಆರ್ ಏರುತ್ತದೆ. ಇದು ಸರಿಯಾಗಿ ನಡೆಸಿದ ಪ್ರಯೋಗಗಳಲ್ಲೇ ಕಂಡಿದೆ. ಅಮ್ಮ ತೆಗೆದುಕೊಂಡದ್ದು ದಿನಕ್ಕೆ ಹತ್ತಿರಹತ್ತಿರ 2 ಗ್ರಾಂ, ಒಂದು ವಾರ.

ಸೊಪ್ಪು ನಿಂತದ್ದೂ ಲೆಕ್ಕಕ್ಕೆ ಬರುತ್ತದೆ. ಹಸಿರು ಸೊಪ್ಪಿನಲ್ಲಿ ವಿಟಮಿನ್ ಕೆ ಜಾಸ್ತಿ. ಅದು ಒಮ್ಮೆಗೇ ಕಡಿಮೆಯಾದರೆ ಅದೇ ಮಾತ್ರೆ ಜೋರಾಗಿ ಕೆಲಸ ಮಾಡುತ್ತದೆ. ಜ್ವರವೂ ಐಎನ್‌ಆರ್ ಏರಿಸಬಲ್ಲದು.

ಇಷ್ಟರ ಮುಂದೆ ಶುಂಠಿಯ ವಿರುದ್ಧ ಸಾಕ್ಷಿ ಎಷ್ಟು ಗಟ್ಟಿ? ನಾನು ಅಂದುಕೊಂಡಷ್ಟು ಗಟ್ಟಿಯಿಲ್ಲ. 2004ರಲ್ಲಿ ಪ್ರಕಟವಾದ ಒಂದು ವರದಿಯಲ್ಲಿ 76 ವರ್ಷದ ಮಹಿಳೆಯ ಕಥೆಯಿದೆ. ವಾರ್ಫರಿನ್‌ನ ಸೋದರನಂಥ ಫೆನ್‌ಪ್ರೊಕ್ಯುಮಾನ್ ಮಾತ್ರೆಯ ಮೇಲಿದ್ದ ಆಕೆ ಶುಂಠಿಯ ಪದಾರ್ಥಗಳನ್ನು ತೆಗೆದುಕೊಳ್ಳತೊಡಗಿದ ಮೇಲೆ ಐಎನ್‌ಆರ್ 10ರ ತನಕ ಏರಿತ್ತು, ಮೂಗಿನಿಂದ ರಕ್ತ ಬಂದಿತ್ತು. ಓದಿದಾಗ ಅಮ್ಮನ ಕಥೆಯೇ ಅನ್ನಿಸಿತು. ಆದರೆ 2005ರ ಇನ್ನೊಂದು ಪ್ರಯೋಗ ಬೇರೆಯೇ ಹೇಳುತ್ತದೆ. 12 ಆರೋಗ್ಯವಂತ ಗಂಡಸರಿಗೆ ಒಂದು ವಾರ ಶುಂಠಿ ಮಾತ್ರೆ ಕೊಟ್ಟು, ನಂತರ ಒಂದು ಡೋಸ್ ವಾರ್ಫರಿನ್ ಕೊಟ್ಟರು. ಶುಂಠಿಯಿಂದ ಏನೂ ವ್ಯತ್ಯಾಸ ಕಾಣಲಿಲ್ಲ. ಆದರೆ ಆರೋಗ್ಯವಂತ ಹುಡುಗರಿಗೆ ಒಂದೇ ಡೋಸ್ ಕೊಟ್ಟು ನೋಡುವುದು ಒಂದು. ಜ್ವರ ಬಂದು ಊಟ ಬಿಟ್ಟ 67ರ ಹೆಂಗಸು ನಾಲ್ಕು ವರ್ಷದ ಮಾತ್ರೆಯ ಮೇಲೆ 12 ಗ್ರಾಂ ಪುಡಿ ಕುಡಿಯುವುದು ಇನ್ನೊಂದು.

ಶುಂಠಿಯ ವಿಷಯದಲ್ಲಿ ಇನ್ನೂ ಒಂದು ತೊಡಕಿದೆ. ರಕ್ತ ನಿಲ್ಲಲು ಪ್ರೋಟೀನುಗಳು ಮಾತ್ರ ಸಾಲದು, ರಕ್ತದಲ್ಲಿರುವ ಪುಟ್ಟ ಕಣಗಳಾದ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಳ್ಳಬೇಕು. ಜಾಸ್ತಿ ಶುಂಠಿ ಆ ಅಂಟನ್ನು ಸಡಿಲ ಮಾಡುತ್ತದೆ ಎಂದು ಕೆಲವು ಅಧ್ಯಯನಗಳು ಹೇಳಿದರೆ, ಏನೂ ಆಗುವುದಿಲ್ಲ ಎಂದು ಬೇರೆ ಕೆಲವು ಹೇಳುತ್ತವೆ. ಹಾಗೊಂದು ವೇಳೆ ಸಡಿಲವಾದರೂ ಐಎನ್‌ಆರ್ ಅದನ್ನು ತೋರಿಸುವುದಿಲ್ಲ. ಅದು ಅಳೆಯುವುದು ಪ್ರೋಟೀನುಗಳ ಕೆಲಸವನ್ನು ಮಾತ್ರ. "ನನ್ನ ಐಎನ್‌ಆರ್ ಸರಿಯಿದೆ, ಎಷ್ಟು ಶುಂಠಿ ಕುಡಿದರೂ ತೊಂದರೆಯಿಲ್ಲ" ಎಂಬ ಧೈರ್ಯ ಅದಕ್ಕೇ ಸಲ್ಲದು.

ತೊಂದರೆಗೆ ಇಂಥ ಔಷಧಿಯೇ ಕಾರಣವಾ ಎಂದು ತೂಗಿನೋಡಲು ವೈದ್ಯರು ಬಳಸುವ ಒಂದು ಪಟ್ಟಿ ಇದೆ, ನರಾಂಜೊ ಮತ್ತು ಸಂಗಡಿಗರು 1981ರಲ್ಲಿ ಪ್ರಕಟಿಸಿದ್ದು. ಹತ್ತು ಪ್ರಶ್ನೆ, ಪ್ರತಿಯೊಂದಕ್ಕೂ ಅಂಕ. 9 ಅಥವಾ ಹೆಚ್ಚು ಬಂದರೆ ಖಚಿತ, 5ರಿಂದ 8 ಬಹುಮಟ್ಟಿಗೆ ಹೌದು, 1ರಿಂದ 4 ಬಂದರೆ "ಇದ್ದರೂ ಇರಬಹುದು". ಸುಮ್ನೆ ಕುತೂಹಲಕ್ಕೆ ಶುಂಠಿಗೆ ಹಾಕಿ ನೋಡಿದೆ. ಕುಡಿಯತೊಡಗಿದ ಮೇಲೆ ತೊಂದರೆ ಬಂತು, 2 ಅಂಕ. ನಿಲ್ಲಿಸಿದ ಮೇಲೆ ಸರಿಹೋಯಿತು, 1. ಲ್ಯಾಬಿನ ಅಂಕಿ ಇದೆ, 1. ಬೇರೆ ಕಾರಣಗಳೂ ಇರಬಹುದಾದ್ದರಿಂದ ಒಂದು ಕಳೆ. ಒಟ್ಟು 3. ಅಂದರೆ ಇದ್ದರೂ ಇರಬಹುದು, ಅಷ್ಟೆ. ಪ್ಯಾರಾಸಿಟಮಾಲ್‌ಗೆ ಹಾಕಿದರೆ ಒಂದು ಅಂಕ ಜಾಸ್ತಿಯೇ ಬರುತ್ತದೆ, ಯಾಕೆಂದರೆ ಅದರ ಮೇಲೆ ಹಿಂದಿನ ಸಾಕ್ಷಿ ಇದೆ.

ನನ್ನ ಅಂದಾಜು ಹೀಗೆ. ಒಂದೊಂದೇ ಬಂದಿದ್ದರೆ ಬಹುಶಃ ಯಾವುದೂ ಮೂಗಿನ ತನಕ ಬರುತ್ತಿರಲಿಲ್ಲ. ನಾಲ್ಕೂ ಒಂದೇ ವಾರ ಕೂಡಿಬಂದವು. ಅವುಗಳಲ್ಲಿ ಡಾಕ್ಟರ್ ಕೇಳಿದರೂ ನಮ್ಮ ಬಾಯಿಂದ ಹೊರಬರದೇ ಇದ್ದದ್ದು ಶುಂಠಿ. ಜ್ವರ ಯಾರಿಗಾದರೂ ಗೊತ್ತಾಗುತ್ತದೆ. ಪ್ಯಾರಾಸಿಟಮಾಲ್ ಮಾತ್ರೆಯ ರೂಪದಲ್ಲಿದೆ, ಕೆದಕಿ ಕೇಳಿದರೆ ನೆನಪಿಗೆ ಬರುತ್ತದೆ. ಶುಂಠಿಯನ್ನು ಮಾತ್ರ ನಾವು ಎರಡು ಕಡೆಯೂ ಕೂರಿಸುತ್ತೇವೆ. ನೆಗಡಿ ಬಂದಾಗ ಅದು ಔಷಧಿ. ಡಾಕ್ಟರ್ ಕೇಳಿದಾಗ ಅದು ಬರೀ ಟೀ.

ಕುಡಿದದ್ದರಿಂದ ಲಾಭ ಏನೂ ಆಗಲಿಲ್ಲವಾ?

ಆಯಿತು. ಗಂಟಲಿಗೆ ಹಿತವಾಗಿತ್ತು, ಮೂಗು ಬಿಟ್ಟ ಹಾಗಾಗಿತ್ತು ಎಂದಳು ಅಮ್ಮ. ಇದರಲ್ಲಿ ಶುಂಠಿಯ ಪಾಲು ಎಷ್ಟು, ಬಿಸಿನೀರಿನ ಪಾಲು ಎಷ್ಟು? 2008ರಲ್ಲಿ ಕಾರ್ಡಿಫ್‌ನ ಸಂಶೋಧಕರು ನೆಗಡಿಯಾದವರಿಗೆ ಬಿಸಿ ಹಣ್ಣಿನ ಪಾನಕ ಕೊಟ್ಟು ನೋಡಿದ್ದರು. ಮೂಗಿನಲ್ಲಿ ಗಾಳಿ ಓಡಾಡುವುದನ್ನು ಯಂತ್ರದಲ್ಲಿ ಅಳೆದರೆ ಏನೂ ಬದಲಾಗಿರಲಿಲ್ಲ. ಆದರೆ ಕುಡಿದವರಿಗೆ ನೆಗಡಿ, ಕೆಮ್ಮು, ಗಂಟಲು ನೋವು, ಚಳಿ ಎಲ್ಲ ಕಡಿಮೆಯಾದ ಹಾಗೆ ಅನ್ನಿಸಿತ್ತು. ಅದರಲ್ಲಿ ಶುಂಠಿ ಇರಲಿಲ್ಲ. ಹಿತ ಅನ್ನುವುದೂ ಲಾಭವೇ, ಅದನ್ನು ನಾನು ಹಗುರ ಮಾಡುವುದಿಲ್ಲ. ಆದರೆ ಆ ಹಿತಕ್ಕೆ 3 ಗ್ರಾಂ ಪುಡಿ ಬೇಕಿರಲಿಲ್ಲ. ನೆಗಡಿಯ ವೈರಸ್ಸನ್ನು ಶುಂಠಿ ಟೀ ಓಡಿಸುತ್ತದೆ ಎಂದು ಮನುಷ್ಯರಲ್ಲಿ ತೋರಿಸಿದ ಗಟ್ಟಿ ಸಾಕ್ಷಿಯಿಲ್ಲ.

ಶುಂಠಿ ನಿಜವಾಗಿ ಹೆಸರು ಗಳಿಸಿರುವುದು ಹೊಟ್ಟೆಯ ವಿಷಯದಲ್ಲಿ. ಬಸುರಿಯರ ವಾಕರಿಕೆಗೆ ದಿನಕ್ಕೆ ಸುಮಾರು 1 ಗ್ರಾಂ ಪುಡಿಯನ್ನು ನಾಲ್ಕು ಪಾಲು ಮಾಡಿ ಕೊಟ್ಟ ಪ್ರಯೋಗಗಳಲ್ಲಿ ವಾಕರಿಕೆ ತಗ್ಗಿದೆ. ವಾಂತಿ ಎಷ್ಟು ಸಲ ಎಂಬುದು ಅಷ್ಟಾಗಿ ಬದಲಾಗಲಿಲ್ಲ. ಅಮೆರಿಕದ ಹೆರಿಗೆ ತಜ್ಞರ ಸಂಘವೂ ವಾಕರಿಕೆಗೆ ಇದನ್ನು ಒಂದು ಆಯ್ಕೆಯಾಗಿ ಹೇಳುತ್ತದೆ. 2008ರ ಒಂದು ಅಧ್ಯಯನ ನನಗೆ ಬಹಳ ಇಷ್ಟವಾಯಿತು. 24 ಆರೋಗ್ಯವಂತರಿಗೆ 1.2 ಗ್ರಾಂ ಶುಂಠಿ ಕೊಟ್ಟು, ಆಮೇಲೆ ಸೂಪ್ ಕುಡಿಸಿ, ಹೊಟ್ಟೆ ಅರ್ಧ ಖಾಲಿಯಾಗಲು ಎಷ್ಟು ಹೊತ್ತು ಬೇಕು ಎಂದು ಅಳೆದರು. ಶುಂಠಿ ಇಲ್ಲದಾಗ ಸುಮಾರು 27 ನಿಮಿಷ, ಶುಂಠಿ ಇದ್ದಾಗ 13. ಊಟ ಎದೆಯ ಮೇಲೇ ಕೂತ ಹಾಗೆ ಅನ್ನಿಸುವಾಗ ಶುಂಠಿ ಟೀ ಕುಡಿದರೆ ಹಗುರಾಗುತ್ತದೆ ಎನ್ನುವುದು ಬರೀ ನಂಬಿಕೆಯಲ್ಲ ಎಂದಾಯಿತು.

ಹಾಗಿದ್ದರೆ ಅಮ್ಮನಿಗೆ ಎದೆಯುರಿ ಯಾಕೆ? ಹೊಟ್ಟೆಯ ಮೇಲಿನ ಬಾಗಿಲು ಬೇರೆ, ಕೆಳಗಿನ ಬಾಗಿಲು ಬೇರೆ. ಶುಂಠಿ ಕೆಳಗಿನ ದಾರಿಯನ್ನು ಚುರುಕು ಮಾಡುತ್ತದೆ, ಸರಿ. ಆದರೆ ಅನ್ನನಾಳದ ಬುಡದಲ್ಲಿರುವ ಬಿಗಿಯೂ ಅದರಿಂದ ಸ್ವಲ್ಪ ಸಡಿಲವಾಗುತ್ತದೆ. ತೇಗು ಸಲೀಸಾಗಿ ಬರುವುದು ಅದರಿಂದಲೇ, ಹುಳಿ ಮೇಲೆ ಬರುವುದೂ ಅದರಿಂದಲೇ. ಪ್ರಮಾಣ ಜಾಸ್ತಿಯಾದಷ್ಟೂ ಎದೆಯುರಿ ದೂರು ಜಾಸ್ತಿ. ಅಮ್ಮ ಅದಕ್ಕೆ ಮದ್ದೆಂದು ಇನ್ನೊಂದು ಲೋಟ ಕುಡಿದು ಮಲಗಿದಳು. ಮಲಗಿದರೆ ಹುಳಿಗೆ ದಾರಿ ಇನ್ನೂ ಸುಲಭ. ಈ ಸುಳಿಯಲ್ಲಿ ಬಿದ್ದವರು ಅವಳೊಬ್ಬಳೇ ಅಲ್ಲ ಎಂದುಕೊಂಡಿದ್ದೇನೆ.

ಕುದಿಯುತ್ತಿರುವುದನ್ನೇ ಊದಿ ಊದಿ ಕುಡಿಯುವುದು ಅವಳ ಇನ್ನೊಂದು ಚಟ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2016ರಲ್ಲಿ 65 ಡಿಗ್ರಿಗಿಂತ ಬಿಸಿಯಾದ ಪಾನೀಯಗಳನ್ನು ಅನ್ನನಾಳದ ಕ್ಯಾನ್ಸರಿಗೆ ಕಾರಣವಾಗುವ ಸಂಭವ ಇರುವವುಗಳ ಪಟ್ಟಿಗೆ ಸೇರಿಸಿದೆ. ಶುಂಠಿಯದ್ದೇನೂ ತಪ್ಪಿಲ್ಲ, ಬಿಸಿಯದ್ದು. ಐದು ನಿಮಿಷ ಕಾಯಲಿಕ್ಕೇನು?

ಆಮೇಲೆ

ಮೂರನೇ ದಿನ ಐಎನ್‌ಆರ್ 2.9ಕ್ಕೆ ಇಳಿದಿತ್ತು. ಮಾತ್ರೆ ಹಳೆಯ ಪ್ರಮಾಣದಲ್ಲೇ ಮತ್ತೆ ಶುರುವಾಯಿತು. ಪ್ಯಾರಾಸಿಟಮಾಲ್ ನಿಂತಿತ್ತು, ಊಟ ಮರಳಿತ್ತು, ಪುಡಿಯ ಡಬ್ಬಿ ಮೇಲಿನ ಕಪಾಟಿಗೆ ಹೋಗಿತ್ತು.

ಬೆಳಗಿನ ಟೀ ವಿಷಯದಲ್ಲಿ ನನಗೂ ಡಾಕ್ಟರಿಗೂ ಸಣ್ಣ ಚರ್ಚೆಯಾಯಿತು. ನಾನು ಶುಂಠಿಯನ್ನೇ ಮನೆಯಿಂದ ಹೊರಗಿಡುವ ಹುಮ್ಮಸ್ಸಿನಲ್ಲಿದ್ದೆ. ಅವರು ಬೇಡ ಎಂದರು. ನಾಲ್ಕು ವರ್ಷದ ಒಳ್ಳೆಯ ಐಎನ್‌ಆರ್ ಬಂದದ್ದು ಆ ಟೀ ಕುಡಿಯುತ್ತಿದ್ದಾಗಲೇ. ಈಗ ಅದನ್ನು ತೆಗೆಯುವುದಕ್ಕೂ ಕಾರಣ ಇಲ್ಲ, ಜಾಸ್ತಿ ಮಾಡುವುದಕ್ಕೂ ಇಲ್ಲ. ಅದೇ ಚೂರು, ಅದೇ ಒಂದು ಲೋಟ. ಎರಡು ವಾರ ಬಿಟ್ಟು ನೋಡಿದಾಗ 2.5, ಮತ್ತೊಂದು ತಿಂಗಳಿಗೆ 2.4.

ಇದೇ ಎಚ್ಚರ ಇನ್ನು ಕೆಲವರಿಗೂ ಬೇಕು. ಆಸ್ಪಿರಿನ್, ಕ್ಲೋಪಿಡೊಗ್ರೆಲ್‌ನಂಥ ಹೆಪ್ಪು ತಡೆಯುವ ಮಾತ್ರೆ ತೆಗೆದುಕೊಳ್ಳುವವರು, ಆಪರೇಷನ್ ದಿನ ಗೊತ್ತಾಗಿರುವವರು, ಪಿತ್ತಕೋಶದಲ್ಲಿ ಕಲ್ಲು ಇರುವವರು ಗಟ್ಟಿ ಕಷಾಯ ಅಥವಾ ಶುಂಠಿ ಮಾತ್ರೆಗೆ ಕೈ ಹಾಕುವ ಮುಂಚೆ ಡಾಕ್ಟರನ್ನು ಕೇಳಬೇಕು. ಸಕ್ಕರೆ ಕಾಯಿಲೆಯ ಮಾತ್ರೆ ಇರುವವರೂ ಅಷ್ಟೆ, ಜಾಸ್ತಿ ಶುಂಠಿ ಸಕ್ಕರೆಯನ್ನು ಒಂಚೂರು ಇಳಿಸಬಹುದು. ಒಂದು ವರ್ಷ ತುಂಬದ ಮಗುವಿಗೆ ಶುಂಠಿ ಟೀಯಲ್ಲಿ ಜೇನು ಬೆರೆಸಿ ಕೊಡಲೇಬಾರದು, ಅಲ್ಲಿ ಅಪಾಯ ಇರುವುದು ಜೇನಿನಲ್ಲಿ. ಆರೋಗ್ಯವಾಗಿರುವ ದೊಡ್ಡವರು ದಿನಕ್ಕೆ ಒಂದೆರಡು ಲೋಟ ಕುಡಿದರೆ ಚಿಂತೆ ಮಾಡುವಂಥದ್ದೇನೂ ಇಲ್ಲ.

ಹಾಲಿನ ಟೀ ಮಾಡುವವರಿಗೆ ಒಂದು ಮಾತು, ಪ್ರಕರಣಕ್ಕೆ ಸಂಬಂಧವಿಲ್ಲದಿದ್ದರೂ. ಹಸಿಶುಂಠಿಯಲ್ಲಿ ಹಾಲು ಒಡೆಯುವ ಕಿಣ್ವ ಇರುತ್ತದೆ. ಶುಂಠಿಯನ್ನು ಮೊದಲು ನೀರಲ್ಲಿ ಚೆನ್ನಾಗಿ ಕುದಿಸಿದರೆ ಆ ಕಿಣ್ವ ಸಾಯುತ್ತದೆ, ಆಮೇಲೆ ಹಾಲು ಹಾಕಿ. ಅಮ್ಮನಿಗೆ ಕಿಣ್ವದ ಹೆಸರು ಗೊತ್ತಿಲ್ಲ, ಆದರೆ ಅವಳ ಟೀ ಒಂದು ದಿನವೂ ಒಡೆದದ್ದಿಲ್ಲ.

ಈಗ ಅವಳ ಐಎನ್‌ಆರ್ ಪುಸ್ತಕದ ಕೊನೆಯ ಹಾಳೆಯಲ್ಲಿ ಒಂದು ಪಟ್ಟಿ ಮಾಡಿದ್ದೇವೆ. ಮಾತ್ರೆಯಲ್ಲದ್ದು, ಆದರೆ ಬಾಯಿಗೆ ಹೋಗುವಂಥದ್ದು ಏನೇ ಹೊಸದಾಗಿ ಶುರುವಾದರೂ ತಾರೀಕು ಹಾಕಿ ಬರೆಯುವುದು. ಕಷಾಯ, ಪುಡಿ, ಲೇಹ್ಯ, ಎಲ್ಲ. ಮೊದಲ ಸಾಲು ನಾನು ಬರೆದದ್ದು, "ಒಣಶುಂಠಿ ಪುಡಿ, 12 ಗ್ರಾಂ." ಅದರ ಪಕ್ಕದಲ್ಲಿ ಅಮ್ಮ ತನ್ನ ಕೈಯಾರೆ ಸೇರಿಸಿದ್ದಾಳೆ, "ಪ್ಯಾರಾಸಿಟಮಾಲ್ ಕೂಡ." ನನ್ನ ಶುಂಠಿ ಮೇಲೆ ಪೂರ್ತಿ ತಪ್ಪು ಹಾಕಬೇಡ ಎಂಬುದು ಅವಳ ವಾದ. ಸಾಕ್ಷಿಗಳನ್ನು ನೋಡಿದರೆ ಅವಳ ಮಾತನ್ನು ತಳ್ಳಿಹಾಕುವುದು ನನಗೂ ಕಷ್ಟವೇ.